ಇಂದಿನ ಧಮ್ಮ ಚಿಂತನೆ: ಎರಡೂವರೆ ನಿಮಿಷದ ರೀಲು



ಭೂತನಾಳದಲ್ಲಿ ನಮ್ಮಕ್ಕನ ಮಗನ ಮದುವೆ. ಬಿಳಿ ಬಟ್ಟೆ, ಬುದ್ಧರ ಮತ್ತು ಬಾಬಾಸಾಹೇಬರ ಫೋಟೊ, ತ್ರಿಸರಣ, ಪಂಚಶೀಲ. ಇಷ್ಟರಲ್ಲೇ ಸರಳವಾಗಿ ಮುಗಿಸಿದೆವು. ವರನ ಗೆಳೆಯನೊಬ್ಬ ಹಳೆಯ ಸೂಪರ್ 8 ಕ್ಯಾಮೆರಾ ತಂದಿದ್ದ. ಒಂದು ರೀಲು 50 ಅಡಿ. ಸೆಕೆಂಡಿಗೆ 24 ಚಿತ್ರದಂತೆ ಓಡಿದರೆ ಎರಡೂವರೆ ನಿಮಿಷಕ್ಕೆ ಖಾಲಿ. ಮೊಬೈಲಿನ ಹಾಗೆ ಅಳಿಸಿ ಮತ್ತೆ ತೆಗೆಯಲಾಗದು.

“ಮಾಮಾ, ಇರೋದು ಒಂದ ರೀಲು. ಯಾರನ್ನ ಹಿಡೀಲಿರಿ?” ಎಂದು ಕೇಳಿದ.

“ವೇದಿಕೆ ಮ್ಯಾಲಿನ ಹಿರಿಯರನ್ನ ಹಿಡಿ” ಎಂದೆ.

ರೀಲು ತೊಳೆಸಿ ತಂದ ಮೇಲೆ ಎಲ್ಲರೂ ಕೂತು ನೋಡಿದೆವು. ಅಕ್ಕ ಮೆಲ್ಲಗೆ ಕೇಳಿದಳು: “ಇದರಾಗ ನಾ ಎಲ್ಲೂ ಇಲ್ಲಲ್ಲೋ ತಮ್ಮಾ?” ಕೂಲಿ ಮಾಡಿ ಮಗನನ್ನು ಓದಿಸಿದವಳು ಆ ಹೊತ್ತು ಹಿಂದೆ ಅಡುಗೆಯವರ ಜೊತೆ ರೊಟ್ಟಿ ಲೆಕ್ಕ ನೋಡುತ್ತಿದ್ದಳು.

“ಎಲ್ಲಾ ಅನಿತ್ಯ ಅಕ್ಕಾ, ರೀಲೂ ಒಂದಿನ ಮಾಸಿ ಹೋಗತೈತಿ” ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅನಿತ್ಯ ಎಂಬುದು ನನ್ನ ತಪ್ಪು ಮುಚ್ಚುವ ಹೊದಿಕೆಯಲ್ಲ. ಕ್ಷಣ ಮರಳಿ ಬಾರದು; ಅದಕ್ಕೇ ಅದನ್ನು ಯಾರಿಗೆ ಕೊಟ್ಟೆವು ಎಂಬ ಪ್ರಶ್ನೆ ದೊಡ್ಡದು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸಮಾನತೆಯೂ ಇದೆ. ಕಂಡೂ ಕಾಣದಂತೆ ನಮ್ಮನ್ನು ದಾಟಿಹೋದ ಕಣ್ಣುಗಳ ನೋವು ನಮಗೆ ಗೊತ್ತು. ಅದೇ ಕಣ್ಣಿನಿಂದ ನಾನು ಅಕ್ಕನನ್ನು ದಾಟಿದ್ದೆ. ಸಮ್ಯಕ್ ಸ್ಮೃತಿ ಎಂದರೆ ಉಸಿರನ್ನು ಗಮನಿಸುವುದಷ್ಟೇ ಅಲ್ಲ, ಒಲೆಯ ಮುಂದೆ ಇರುವವರನ್ನೂ ಗಮನಿಸುವುದು.

ಇಂದು ನಮ್ಮ ಮನೆಯಲ್ಲಿ ಯಾರು ಕಣ್ಣಿಗೆ ಬೀಳದೆ ದುಡಿಯುತ್ತಿದ್ದಾರೆ? ಒಮ್ಮೆ ತಿರುಗಿ ನೋಡೋಣ.

ಜೈ ಭೀಮ್ 💙