ಋಣವೂ ಜೀತವೂ

ಪಡೆದ ಸಾಲವನ್ನು ತೀರಿಸಬೇಕೆಂಬುದು ನಮ್ಮ ಜನ ಎಳೆತನದಿಂದಲೇ ಕಲಿತ ಧರ್ಮ. ಋಣ ಉಳಿಸಿಕೊಂಡು ಸತ್ತವನು ಎತ್ತಾಗಿ ಹುಟ್ಟಿ ತೀರಿಸಬೇಕೆಂಬ ನಂಬಿಕೆಯೂ ಉಂಟು. ಸಾಹುಕಾರನ ಪತ್ರಕ್ಕಿಂತ ಈ ನಂಬಿಕೆಯೇ ಬಲವಾದದ್ದು. ಜೀತವನ್ನು ನಿಷೇಧಿಸಿದ ಕಾನೂನು ಎಡವುವುದು ಇಲ್ಲಿಯೇ.

ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಇನ್ನೂ ಮುಂದೆ ಹೋಗಿ ಜೀತದ ಸಾಲವನ್ನೇ ಅಳಿಸಿಹಾಕಿತು. ಅದು ಜೀತದ ಸಾಲವಲ್ಲವೆಂದು ರುಜುವಾತು ಮಾಡುವ ಹೊಣೆಯನ್ನು ಸಾಲ ಕೊಟ್ಟವನ ಮೇಲೆಯೇ ಹೊರಿಸಿತು. ತಪ್ಪಿತಸ್ಥನಿಗೆ ಮೂರು ವರ್ಷದವರೆಗೆ ಸೆರೆ, 2,000 ರೂಪಾಯಿಯವರೆಗೆ ದಂಡ. ಕಾಗದದ ಮೇಲೆ ಇನ್ನೇನು ಬೇಕು?

ಆದರೆ ತಹಶೀಲ್ದಾರರು ಇಟ್ಟಿಗೆ ಗೂಡಿಗೆ ಹೋಗಿ, “ನಿನ್ನನ್ನು ಯಾರಾದರೂ ಹಿಡಿದಿಟ್ಟಿದ್ದಾರೆಯೆ?” ಎಂದು ಕೇಳಿದರೆ ಆಳು ಏನೆನ್ನುತ್ತಾನೆ? “ಇಲ್ಲ ಸ್ವಾಮಿ, ಮುಂಗಡ ತಗೊಂಡಿದೀನಿ, ತೀರಿಸಿ ಹೋಗ್ತೀನಿ.” ಧಣಿ ಪಕ್ಕದಲ್ಲಿ ನಿಂತಿರುವ ಭಯ ಅದರಲ್ಲಿ ಸ್ವಲ್ಪ, ಉಳಿದದ್ದು ಅವನ ಪ್ರಾಮಾಣಿಕತೆ. ಬೇಲಿ, ಬೀಗ, ಬೆತ್ತಗಳನ್ನು ಹುಡುಕುತ್ತ ಬಂದ ಅಧಿಕಾರಿಗಳು ‘ತಾನಾಗಿ ಒಪ್ಪಿದ ಕೆಲಸ’ ಎಂದು ಬರೆದುಕೊಂಡು ಜೀಪು ಹತ್ತುತ್ತಾರೆ.

ಹಸಿದವನ ಒಪ್ಪಿಗೆ ಒಪ್ಪಿಗೆಯೆ? 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಹೇಳಿತು: ಹಸಿವು ಬಡತನಗಳ ಒತ್ತಡವೂ ಬಲವಂತವೇ, ಕನಿಷ್ಠ ಕೂಲಿಗಿಂತ ಕಡಮೆ ಕೊಟ್ಟು ದುಡಿಸಿಕೊಂಡರೆ ಅದು ಬಲವಂತದ ದುಡಿಮೆ. ಈ ಮಾತನ್ನು ಹಿಡಿದು ಲೆಕ್ಕ ಹಾಕಿದರೆ ಋಣ ತಿರುವುಮುರುವಾಗುತ್ತದೆ. ವರ್ಷಗಟ್ಟಲೆ ಕೊಡದೆ ಉಳಿಸಿಕೊಂಡ ಕೂಲಿಯನ್ನು ಕೂಡಿಸಿದಾಗ ಸಾಲಗಾರನಾಗಿ ನಿಲ್ಲುವವನು ಧಣಿ. ಆದ್ದರಿಂದ ಅಧಿಕಾರಿ ಆಳನ್ನು ಕೇಳಬೇಕಾದ ಪ್ರಶ್ನೆಗಳು ಎರಡು: ಕೈಗೆ ಎಷ್ಟು ಕೂಲಿ ಬಂತು? ನಾಳೆ ಬೇರೆ ಕಡೆ ಕೆಲಸಕ್ಕೆ ಹೋಗಬಲ್ಲೆಯಾ? ಇವನ್ನೂ ಧಣಿಯ ಕಣ್ಣಿಗೆ ಮರೆಯಾಗಿ ಕೇಳಬೇಕು.

ಬಿಡುಗಡೆಯಾದವನಿಗೂ ಆ ರಾತ್ರಿಯ ಊಟ ಬೇಕಷ್ಟೆ. ಪುನರ್ವಸತಿ ಇಲ್ಲದಿದ್ದರೆ ಅವನು ಮತ್ತೆ ಜೀತಕ್ಕೇ ಬೀಳುತ್ತಾನೆಂದು ಅದೇ ಕೋರ್ಟು 1984ರಲ್ಲಿ ಎಚ್ಚರಿಸಿತು. ಬಿಡುಗಡೆಯ ಪತ್ರ ಕೈಯಲ್ಲಿದ್ದು ಮಡಕೆಯಲ್ಲಿ ಅಕ್ಕಿ ಇಲ್ಲವಾದರೆ, ಮುಂಗಡ ಕೊಡುವ ಇನ್ನೊಬ್ಬ ಧಣಿಯ ಬಾಗಿಲೇ ಗತಿ.

ಇದು ಗೂಡಿನ ಯಜಮಾನನಿಗೂ ಸರ್ಕಾರಕ್ಕೂ ಸಂಬಂಧಿಸಿದ ವಿಷಯವೆಂದು ನಾವು ಪೇಟೆಯವರು ಸುಮ್ಮನಿರುವಂತಿಲ್ಲ. ನಮ್ಮ ಮನೆಗೆ ಅಗ್ಗವಾಗಿ ಬಂದ ಇಟ್ಟಿಗೆಯ ಬೆಲೆಯಲ್ಲಿ ಯಾರದೋ ಸಲ್ಲದ ಕೂಲಿ ಅಡಗಿರಬಹುದು. ಸಾಲ ತೀರಿಸುವುದು ಧರ್ಮವೆಂದು ಆಳಿಗೆ ಕಲಿಸಿದ ಸಮಾಜ ತನ್ನ ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆದು ನೋಡಬೇಕು.