ಕಿತ್ತ ಕೂದಲು, ಕಲ್ಲಿನ ಗುಂಗುರು

ಜಿನಬಿಂಬಗಳ ತಲೆಯ ಮೇಲೆ ಸಾಮಾನ್ಯವಾಗಿ ಸಾಲುಸಾಲು ಗುಂಗುರು ಕೂದಲಿರುತ್ತದೆ. ಒಂದೊಂದು ಸುರುಳಿಯೂ ಬಸವನಹುಳುವಿನ ಚಿಪ್ಪಿನಂತೆ ಕಡೆದದ್ದು. ಜಿನಬಿಂಬ ಪೂಜೆಗೊಳ್ಳುವ ಗುಡಿಗಳಲ್ಲಿ ಒಂದಾದ ಬೆಳಗಾವಿ ಕೋಟೆಯ ಕಮಲ ಬಸದಿ ತೀರ್ಥಂಕರ ನೇಮಿನಾಥನದು. ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಅಲ್ಲಿ ಪೂಜೆಗೊಳ್ಳುವ ಆದರ್ಶವನ್ನು ಬಾಳುವ ದಿಗಂಬರ ಮುನಿ ಮಾತ್ರ ಕೂದಲನ್ನು ಉಳಿಸಿಕೊಳ್ಳುವುದಿಲ್ಲ. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಉಪವಾಸವಿದ್ದು, ಬೆರಳಿಗೆ ಬೂದಿ ಸವರಿಕೊಂಡು, ತಲೆ, ಗಡ್ಡ, ಮೀಸೆಯ ಕೂದಲನ್ನು ಕೈಯಿಂದಲೇ ಕೀಳುತ್ತಾನೆ. ಇದು ಕೇಶಲೋಚ. ಕ್ಷೌರದ ಕತ್ತಿಯೂ ಪರಿಗ್ರಹವೇ, ಅಂದರೆ ತೊರೆಯಬೇಕಾದ ಸ್ವತ್ತೇ. ಬೆಳೆಯಬಿಟ್ಟರೆ ಹೇನು ಹುಟ್ಟಿ ಹಿಂಸೆಗೆ ದಾರಿ.

ಎಲ್ಲ ತೊರೆದವನ ಬಿಂಬಕ್ಕೆ ಈ ಚೆಲುವೇಕೆ? ಕೇವಲಜ್ಞಾನ, ಅಂದರೆ ಪೂರ್ಣ ಅರಿವು, ಪಡೆದ ಬಳಿಕ ಜಿನನ ಕೂದಲು, ಉಗುರು ಬೆಳೆಯುವುದಿಲ್ಲ ಎನ್ನುತ್ತದೆ ಪರಂಪರೆ. ಅದನ್ನು ಒಪ್ಪಿದರೆ ಆ ಸುರುಳಿ ಯಾರೋ ಬಾಚಿ ತಿದ್ದಿದ ಸಿಂಗಾರವಲ್ಲ. ಬೆಳೆಯುವ ಹಂಬಲವೇ ನಿಂತ ದೇಹದ ಗುರುತು. ಮೊದಲ ತೀರ್ಥಂಕರ ಆದಿನಾಥನ ಹೆಗಲಿಗೆ ಇಳಿದ ಜಟೆಗೆ ಈ ಉತ್ತರ ಸಾಲದು. ಅದು ದೀರ್ಘ ತಪಸ್ಸಿನ ನೆನಪು.

ಖಾನಾಪುರ ತಾಲ್ಲೂಕಿನ ಹಲಸಿಯ ತಾಮ್ರಶಾಸನವೊಂದು ಕೂದಲಿನ ಈ ಪ್ರಶ್ನೆಯನ್ನು ಇನ್ನಷ್ಟು ಹಿಗ್ಗಿಸುತ್ತದೆ. ಅದರಂತೆ ಕದಂಬ ದೊರೆ ಮೃಗೇಶವರ್ಮ ಜೈನ ಮುನಿಪಂಗಡಗಳಾದ ಯಾಪನೀಯ, ನಿರ್ಗ್ರಂಥರ ಜೊತೆಗೆ ಕೂರ್ಚಕರೆಂಬ ಪಂಗಡಕ್ಕೂ ದತ್ತಿ ಕೊಟ್ಟ. ಕೂರ್ಚವೆಂದರೆ ಗಡ್ಡ. ಹೆಸರನ್ನು ನಂಬಿದರೆ, ಕಿತ್ತವರೂ ಬಿಟ್ಟವರೂ ಅಂದು ಒಂದೇ ದಾನದಲ್ಲಿ ಪಾಲು ಪಡೆದಿದ್ದರು.