ಹೂಳಿನೊಳಗಿನ ನೀರು

ಕೆರೆ ನೀರಿನ ಪರೀಕ್ಷೆಗೆ ದಡದಲ್ಲಿ ನಿಂತು ಬಾಟಲಿ ಅದ್ದಿದರೆ ಸಿಗುವುದು ಇವತ್ತಿನ ನೀರು. ಹಿಂದಿನ ರಾತ್ರಿ ಮಳೆ ಹೊಡೆದಿದ್ದರೆ ವರದಿಯೂ ಒಂದಿಷ್ಟು ತಿಳಿಯಾಗಿರುತ್ತದೆ. ದಶಕಗಳಿಂದ ಹರಿದು ಬಂದ ಕೊಳಚೆಯ ಬಹುಪಾಲು ಕೂತಿರುವುದು ತಳದ ಹೂಳಿನಲ್ಲಿ. ಆ ಹೂಳಿನ ಕಣಗಳ ಸಂದಿಯಲ್ಲೂ ನೀರಿದೆ. ಕೆರೆಯ ನಿಜಸ್ಥಿತಿ ಬೇಕಿದ್ದರೆ ಅದನ್ನೇ ಹಿಂಡಿ ನೋಡಬೇಕು.

ಹೂಳಲ್ಲಿ ಒಟ್ಟು ಎಷ್ಟು ಸೀಸ, ಎಷ್ಟು ಸತು ಇದೆ ಎಂದು ಅಳೆದರೆ ಸಾಲದೇ? ಸಾಲದು. ಗಾಳಿಯಾಡದ ಕಪ್ಪು ಕೆಸರಿನಲ್ಲಿ ಗಂಧಕ ಸಲ್ಫೈಡಾಗಿ ಇಂಥ ಲೋಹಗಳನ್ನು ಕಟ್ಟಿಹಾಕಿರುತ್ತದೆ. ಕೊಳೆತ ಮೊಟ್ಟೆಯ ನಾತವೆಂದು ನಾವು ಮೂಗು ಮುಚ್ಚಿಕೊಳ್ಳುವುದು ಈ ಗಂಧಕದ ದೆಸೆಯಿಂದಲೇ! ಕಟ್ಟು ಬಿಚ್ಚಿ ನೀರಿಗಿಳಿದ ಲೋಹ ಮೊದಲು ತಟ್ಟುವುದು ಕೆಸರಲ್ಲೇ ಬಾಳುವ ಹುಳುಗಳಿಗೆ, ಅವುಗಳಿಂದ ಮೀನಿಗೆ.

ಈ ನೀರನ್ನು ತೆಗೆಯುವುದು ನಾಜೂಕಿನ ಕೆಲಸ. ಕೊಳವೆಯನ್ನು ನೆಟ್ಟಗೆ ಕೆಸರಿಗಿಳಿಸಿ, ಪದರ ಕದಡದಂತೆ ಹೂಳನ್ನು ಎತ್ತುತ್ತಾರೆ. ನೈಟ್ರೋಜನ್ ತುಂಬಿದ ಪೆಟ್ಟಿಗೆಯಲ್ಲಿ ಅದನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ಯಂತ್ರದಲ್ಲಿ ಗಿರ್ರನೆ ತಿರುಗಿಸಿ ನೀರು ಬೇರ್ಪಡಿಸುತ್ತಾರೆ. ನಡುವೆ ಗಾಳಿ ತಾಗಿತೋ, ತಿಳಿಯಾಗಿದ್ದ ನೀರು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಕರಗಿದ್ದ ಕಬ್ಬಿಣ ಗಟ್ಟಿಯಾಗಿ, ರಂಜಕವನ್ನೂ ಎಳೆದುಕೊಂಡು ತಳ ಸೇರುತ್ತದೆ. ಆಮೇಲೆ ಅಳೆದರೆ ರಂಜಕ ಕಡಿಮೆ ಎಂಬ ಸುಳ್ಳು ಲೆಕ್ಕ ಸಿಗುತ್ತದೆ. ಈ ತಾಪತ್ರಯ ತಪ್ಪಿಸಲು ಹೆಸ್ಲೀನ್ ಎಂಬ ವಿಜ್ಞಾನಿ 1976ರಲ್ಲಿ ಸರಳ ಸಾಧನವೊಂದನ್ನು ವಿವರಿಸಿದರು. ಹಲಗೆಯೊಂದರಲ್ಲಿ ಮೇಲಿಂದ ಕೆಳಗೆ ಸಾಲು ಗುಳಿಗಳು, ಗುಳಿಗಳಲ್ಲಿ ಶುದ್ಧ ನೀರು, ಮೇಲೆ ತೆಳುಪೊರೆ. ಕೆಸರಿನಲ್ಲಿ ನೆಟ್ಟು ಕೆಲವು ವಾರ ಬಿಟ್ಟರೆ ಪೊರೆಯ ಎರಡೂ ಕಡೆಯ ನೀರು ಒಂದೇ ಆಗಿಬಿಡುತ್ತದೆ.

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ 2017, 2018ರಲ್ಲಿ ಅಲ್ಲಿ ಬೆಂಕಿ ಎದ್ದದ್ದನ್ನೂ ನಾಡೆಲ್ಲ ನೋಡಿತು. ಸೋಪಿನ ಪುಡಿಯ ಅಂಶ ಹೂಳಿಗೆ ಅಂಟಿ ಶೇಖರವಾಗಿ, ಜೋರು ಮಳೆ ತಳ ಕದಡಿದಾಗ ಮೇಲೇಳುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ತೋರಿಸಿದೆ. ಒಳಚರಂಡಿ ತಿರುಗಿಸಿದೆವು, ಇನ್ನು ಕೆರೆ ಶುದ್ಧ ಎಂದು ಫಲಕ ಹಾಕುವವರಿಗೆ ಇದು ರುಚಿಸಲಿಕ್ಕಿಲ್ಲ.

ಹೂಳೆತ್ತುವ ಟೆಂಡರುಗಳಲ್ಲಿ ಘನಮೀಟರು, ಟಿಪ್ಪರ್ ಲೋಡುಗಳದೇ ಲೆಕ್ಕ. ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಹಳೆಯ ರೂಢಿ, ಒಳ್ಳೆಯ ರೂಢಿಯೇ. ಆದರೆ ಕಾರ್ಖಾನೆ, ಗ್ಯಾರೇಜುಗಳ ನೀರು ಕುಡಿದ ನಗರದ ಕೆಸರು ಬಿಸಿಲಿಗೆ ಬಿದ್ದು ಒಣಗಿ ಗಾಳಿಯಾಡಿದಾಗ ಗಂಧಕ ಕಟ್ಟಿದ ಕಟ್ಟೂ ಸಡಿಲವಾಗುತ್ತದೆ. ಅಂಥ ಹೂಳನ್ನು ಪುಕ್ಕಟೆ ಗೊಬ್ಬರವೆಂದು ಹಂಚುವ ಮುನ್ನ ಅದರ ಲೋಹದ ವರದಿಯನ್ನೂ ಒಳಗಿನ ನೀರಿನ ವರದಿಯನ್ನೂ ರೈತನ ಕೈಗಿಡಬೇಕು. ಇಡದಿದ್ದರೆ ಅವನೇ ಕೇಳಲಿ, ಲೋಡು ಇಳಿಸಿಕೊಳ್ಳುವ ಮೊದಲು.